ರೊಟ್ಟಿ ಮುಟ್ಟದ ಕೈ

ಎರಡು ಕ್ಷಣಗಳ ನಡುವಿನ ಸಂದಿನಲ್ಲಿ ಏನು ನಡೆಯಿತೆಂಬುದು ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಮನುಷ್ಯಕುಲದ ಯುದ್ಧ, ವ್ಯಾಜ್ಯ, ವೈರಾಗ್ಯಗಳೆಲ್ಲ ಹುಟ್ಟುವುದು ಆ ಸಂದಿನಲ್ಲಿಯೇ. ಈ ಮಾತನ್ನು ನಾನು ಯಾವ ಶಾಸ್ತ್ರಗ್ರಂಥದಿಂದಲೂ ಎತ್ತಿಕೊಂಡಿಲ್ಲ. ನನ್ನ ಹೆಂಡತಿ ಜೋಳದ ರೊಟ್ಟಿ ಬಡಿಯುವುದನ್ನು ಮೊಬೈಲಿನಲ್ಲಿ ಹಿಡಿದು, ಅದನ್ನು ಕಂಪ್ಯೂಟರಿನಲ್ಲಿ ಇನ್ನಷ್ಟು ಚಂದ ಮಾಡಲು ಹೋದಾಗ ಕಂಡುಕೊಂಡೆ.

ನಾವು ಧಾರವಾಡದ ಕಡೆಯವರು. ಮನೆ ಮಡಗಾಂವಿನಲ್ಲಿ, ನೌಕರಿ ವೆರ್ಣಾದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ಅಂದರೆ, ತಯಾರಾದ ಮಾಲಿನಲ್ಲಿ ದೋಷ ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಅದೇ ಕೆಲಸವನ್ನು ಮನೆಯಲ್ಲಿ ಮಾಡಿದರೆ ಊಟ ಸಿಗುವುದಿಲ್ಲ.

ಗೋವೆಯ ಹವೆಯಲ್ಲಿ ಹಪ್ಪಳವೂ ಬೆವರುತ್ತದೆ. ಊರಿನಿಂದ ತಂದ ಜೋಳದ ಹಿಟ್ಟು ನಾಲ್ಕು ದಿನದಲ್ಲಿ ಜಿಗಿ ಕಳೆದುಕೊಂಡು, ಬಡಿಯಲು ಹೋದರೆ ಅಂಚೆಲ್ಲ ಬಿರಿಯುತ್ತದೆ. ಹೀಗಾಗಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಲಟ್ಟಣಿಗೆಯಿಂದ ಲಟ್ಟಿಸುತ್ತಾರೆ ಎಂಬ ವದಂತಿ ಇದೆ. ಯಾರೂ ಒಪ್ಪಿಕೊಂಡಿಲ್ಲ. ಪ್ರತಿ ಮನೆಯೂ ಇನ್ನೊಂದು ಮನೆಯ ಮೇಲೆ ಸಂಶಯ ಇಟ್ಟುಕೊಂಡು, ಎದುರಿಗೆ ಸಿಕ್ಕಾಗ ನಗುತ್ತಾ ಬಾಳುತ್ತಿದೆ. ಬಡಿದ ರೊಟ್ಟಿಗೂ ಲಟ್ಟಿಸಿದ ರೊಟ್ಟಿಗೂ ನಾಲಿಗೆಗೆ ವ್ಯತ್ಯಾಸ ತಿಳಿಯುತ್ತದೆಯೋ ಇಲ್ಲವೋ ನಾನರಿಯೆ, ಮಾನಕ್ಕಂತೂ ತಿಳಿಯುತ್ತದೆ.

ನಮ್ಮ ಕಡೆಯ ಹೆಂಗಸರದೊಂದು ಮಹಿಳಾ ಮಂಡಳವಿದೆ. ತಿಂಗಳಿಗೊಮ್ಮೆ ಬಾಡಿಗೆ ಹಾಲಿನಲ್ಲಿ ಸೇರುತ್ತಾರೆ. ಕುಂಕಳ್ಳಿಯಲ್ಲಿ ಮಗನ ಮನೆಯಲ್ಲಿರುವ ವಿಜಾಪುರದ ಅಜ್ಜಿಯೊಬ್ಬರು ಅಲ್ಲಿ ಎಲ್ಲರಿಗಿಂತ ಹಿರಿಯರು. ಅವರ ಮಾತೆಂದರೆ ಠರಾವು. ಇಲ್ಲಿಯೇ ಹುಟ್ಟಿ ಬೆಳೆದ ಹುಡುಗಿಯರು ಅಂಗಡಿಯಿಂದ ಪಾಕೀಟಿನ ರೊಟ್ಟಿ ತರುವುದನ್ನು ನೋಡಿ ಅಜ್ಜಿ ಒಂದು ದಿನ ಸಿಟ್ಟಾದರು.

"ಪಾಕೀಟ ಒಡದು ರೊಟ್ಟಿ ತಿನ್ನೂದಂದ್ರ ಏನವ್ವ? ಅದೇನು ಬಿಸ್ಕೀಟೇನು? ಯಾರರ ಇವಕ್ಕ ಬಡಿಯೂದು ಕಲಸ್ರಿ!"

ಹೀಗೆ ರೊಟ್ಟಿ ತರಗತಿಯ ಪ್ರಸ್ತಾಪ ಬಂತು. ಕಲಿಸುವವರು ಯಾರು ಎಂಬಲ್ಲಿ ಎರಡು ಹೆಸರು ಎದ್ದವು: ಒಂದು ನನ್ನ ಹೆಂಡತಿಯದು, ಇನ್ನೊಂದು ಬ್ಯಾಂಕ್ ಅಧಿಕಾರಿಯೊಬ್ಬರ ಹೆಂಡತಿಯದು. ಈಕೆ ಬೆಳಗಾವಿಯವರು, ಎಲ್ಲರಿಗೂ ವೈನಿ, ಅಂದರೆ ಅತ್ತಿಗೆ. ಇಬ್ಬರೂ ಎಲ್ಲರೆದುರು ಮಾಡಿ ತೋರಿಸಲಿ ಎಂದರೆ, ಹಾಲಿನಲ್ಲಿ ಬೆಂಕಿ ಹಚ್ಚುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ ಎಂದು ಮಾಲೀಕರ ಬೋರ್ಡು ತೂಗುತ್ತಿತ್ತು, ಅದೂ ಮೊಳೆ ಹೊಡೆದು. ಕೊನೆಗೆ ಮಂಡಳದ ಕಾರ್ಯದರ್ಶಿ ಬಾಯಿಯವರು ದಾರಿ ಕಂಡುಹಿಡಿದರು: ಮನೆಯಲ್ಲಿ ವಿಡಿಯೋ ಮಾಡಿ ತನ್ನಿ, ಹಾಲಿನ ದೊಡ್ಡ ಟಿವಿಯಲ್ಲಿ ಎಲ್ಲರೂ ನೋಡೋಣ.

ಗೋವೆಗೆ ಬಂದಂದಿನಿಂದ ನನ್ನ ಹೆಂಡತಿಯನ್ನು ಜನ ಗುರುತಿಸುತ್ತಿದ್ದುದು 'ಇಂಥವರ ಮನೆಯವರು' ಎಂದು. ಅವಳದೇ ಆದ ಒಂದು ಕೆಲಸಕ್ಕೆ ಅವಳನ್ನು ಕರೆದದ್ದು ಇದೇ ಮೊದಲು. ತನಗೆ ಆ ತರಗತಿ ಬೇಕು ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ತವರಿಗೆ ಫೋನು ಮಾಡಿ ಹೊಸ ಬಿಳಿಜೋಳ ತರಿಸಿದಳು, ಇಳಕಲ್ ಸೀರೆ ಇಸ್ತ್ರಿಗೆ ಕೊಟ್ಟಳು. ಇಷ್ಟು ಸಾಕು, ನಾನು ತಪಾಸಣೆ ವಿಭಾಗದವನು.

ಡ್ಯೂಟಿ ಮುಗಿಸಿ ಬಂದ ಒಂದು ಸಂಜೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಚಿತ್ರೀಕರಣ ನಡೆಯಿತು. ಎಸರಿಟ್ಟಳು, ಹಿಟ್ಟು ಕಲಸಿದಳು, ನಾದಿದಳು, ಬಡಿದಳು, ಹಂಚಿಗೆ ಹಾಕಿದಳು, ನೀರು ಸವರಿ ತಿರುವಿದಳು. ರೊಟ್ಟಿ ಪೂರ್ಣಚಂದ್ರನಂತೆ ಉಬ್ಬಿತು. ನಾನು ಒಮ್ಮೆ ಅವಳ ಮುಖ, ಒಮ್ಮೆ ಕೈ, ಒಮ್ಮೆ ಹಂಚು ಹಿಡಿದು, ತುಣುಕುಗಳನ್ನು ಆಮೇಲೆ ಜೋಡಿಸಿದೆ. ನಮ್ಮ ಟಿವಿಯಲ್ಲಿ ಹಾಕಿ ಇಬ್ಬರೂ ಕುಳಿತು ನೋಡಿದೆವು.

"ಏನ್ರಿ ಇದು? ನನ್ನ ಕೈ ಏನು ಹಲ್ಲಿ ಓಡಿದಂಗ ಓಡಾಕತ್ತೈತಿ?"

ಮಾತು ಸುಳ್ಳಲ್ಲ. ಕೈ ಇಲ್ಲಿದ್ದದ್ದು ಫಕ್ಕನೆ ಅಲ್ಲಿರುತ್ತಿತ್ತು. ವಿಡಿಯೋ ಎಂದರೆ ಒಂದರ ಹಿಂದೊಂದು ಓಡುವ ಬಿಡಿ ಚಿತ್ರಗಳಷ್ಟೇ. ನನ್ನ ಫೋನು ಸೆಕೆಂಡಿಗೆ ಮೂವತ್ತು ಚಿತ್ರ ತೆಗೆಯಬೇಕು. ಬೆಳಕು ಸಾಲದ್ದರಿಂದ ಅರ್ಧಕ್ಕರ್ಧ ನುಂಗಿ, ಆ ಜಾಗದಲ್ಲಿ ಹಿಂದಿನ ಚಿತ್ರವನ್ನೇ ಇನ್ನೊಮ್ಮೆ ಇಟ್ಟಿತ್ತು. ಸರ್ಕಾರಿ ಕಚೇರಿಯಲ್ಲಿ ಒಬ್ಬನೇ ಎರಡು ಸಹಿ ಹಾಕಿ ಹಾಜರಾತಿ ತುಂಬಿದ ಹಾಗೆ.

ಮರುದಿನ ಕಂಪನಿ ಬಸ್ಸಿನಲ್ಲಿ ಪಕ್ಕದ ಸೀಟಿನ ಕೊಂಕಣಿ ಸಹೋದ್ಯೋಗಿಗೆ ಈ ದುಃಖ ತೋಡಿಕೊಂಡೆ. ಅವನು ಫುಟ್‌ಬಾಲ್ ಆಟಗಳನ್ನು ಹೀಗೆಯೇ ಸರಿಮಾಡಿ ನೋಡುವವನು.

"ಪಾತ್ರಾಂವ್, ಟೆನ್ಷನ್ ಘೆಂವ್ ನಾಕಾ," ಎಂದ, ಚಿಂತೆ ಬೇಡ ಯಜಮಾನ ಎಂಬ ಅರ್ಥದಲ್ಲಿ. ಒಂದು ಪ್ರೋಗ್ರಾಮ್ ಇದೆಯಂತೆ. ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರವನ್ನು ತಾನೇ ಊಹಿಸಿ ಬರೆದು ಸೇರಿಸುತ್ತದಂತೆ. ಮೂವತ್ತು ಇದ್ದದ್ದು ಅರವತ್ತಾಗುತ್ತದೆ, ಎಲ್ಲ ಬೆಣ್ಣೆಯ ಹಾಗೆ ಜಾರುತ್ತದೆ.

ಹಾಕಿಕೊಂಡೆ. ಕಂಪ್ಯೂಟರು ಬಸುರಿ ಎಮ್ಮೆಯಂತೆ ನಿಟ್ಟುಸಿರು ಬಿಡುತ್ತ ಕೆಲಸ ಮಾಡಿತು. ಮುಗಿದ ಮೇಲೆ ನಾನು ಕಾರ್ಖಾನೆಯ ಪದ್ಧತಿಯಂತೆ ತಪಾಸಣೆ ಮಾಡಿದೆ. ನಮ್ಮಲ್ಲಿ ಮಾಲಿನ ಪ್ರತಿಯೊಂದನ್ನೂ ನೋಡುವುದಿಲ್ಲ; ಮೊದಲಿನದೊಂದು, ನಡುವಿನದೊಂದು, ಕೊನೆಯದೊಂದು ತೆಗೆದು ನೋಡಿ, ಸರಿ ಇದ್ದರೆ ಇಡೀ ಲಾಟಿಗೆ ಒಪ್ಪಿಗೆ. ಮೊದಲಿಗೆ ಅವಳು ಎಸರಿಡುತ್ತಿದ್ದಳು: ಸೊಗಸು. ನಡುವೆ ಹಿಟ್ಟು ನಾದುತ್ತಿದ್ದಳು: ಅತಿ ಸೊಗಸು. ಕೊನೆಗೆ ರೊಟ್ಟಿ ತಟ್ಟೆಯಲ್ಲಿ ಮಲಗಿತ್ತು: ಅದಕ್ಕೆ ಚಲನೆಯೇ ಇಲ್ಲ. ಲಾಟು ಪಾಸು ಮಾಡಿದೆ.

ಮುಂದಿನ ಸಭೆಯಲ್ಲಿ ಮೊದಲು ನಮ್ಮ ವಿಡಿಯೋ. ಹೆಂಡತಿ ಮುಂದಿನ ಸಾಲಿನಲ್ಲಿ ಅಜ್ಜಿಯ ಪಕ್ಕ ಕುಳಿತಳು. ನಾನು ಟಿವಿ ನಡೆಸುವ ನೆಪದಲ್ಲಿ ಗೋಡೆಗೆ ಒರಗಿ ನಿಂತೆ.

ಎಸರು ಕುದಿಯುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಅವಳ ಮುಖದಿಂದ ಹಂಚಿಗೆ ದೃಶ್ಯ ಬದಲಾಗುವ ಜಾಗ ಬಂತು. ಪ್ರೋಗ್ರಾಮಿಗೆ ಇದು ಎರಡು ಬೇರೆ ತುಣುಕು ಎಂದು ಯಾರೂ ಹೇಳಿರಲಿಲ್ಲ. ಮುಖವೇ ಹಂಚಾಗಿ ಮಾರ್ಪಡುತ್ತಿದೆ ಎಂದು ತಿಳಿದು ಅದು ನಡುವಿನ ಚಿತ್ರಗಳನ್ನು ಭಕ್ತಿಯಿಂದ ಬರೆದಿತ್ತು. ದೊಡ್ಡ ಟಿವಿಯಲ್ಲಿ, ಮೂಗುತಿ ಸಮೇತ ಮೂಗಿರುವ ಒಂದು ಹಂಚು ಕಾಣಿಸಿಕೊಂಡು ಮಾಯವಾಯಿತು.

"ಅಯ್ಯ ಶಿವನ!" ಎಂದು ಯಾರೋ ಕೂಗಿದರು.

ಅದನ್ನಾದರೂ ಜನ ಮರೆಯುತ್ತಿದ್ದರು. ಬಡಿಯುವ ಭಾಗ ಬಂತು. ಹಸಿರು ಗಾಜಿನ ಬಳೆಗಳು ಒಂದರೊಳಗೊಂದು ಕರಗಿ ಪಾಚಿಯಾದವು. ಇಳಕಲ್ ಸೀರೆಯ ದಡಿ ನೀರಿನ ಹಾಗೆ ಅಲುಗಾಡಿತು, ಕಿರುಬೆರಳಿನ ಪಕ್ಕ ಇನ್ನೊಂದು ಬೆರಳು ಹುಟ್ಟಿ ತಿರುಗಿ ಒಳಗೆ ಹೋಯಿತು. ಇವೆಲ್ಲ ಚಿಲ್ಲರೆ ದೋಷ. ನಿಜವಾದ ಅನಾಹುತವೆಂದರೆ, ಅಂಗೈ ರೊಟ್ಟಿಗೆ ತಾಗಲೇ ಇಲ್ಲ. ರೊಟ್ಟಿಯ ಮೇಲೆ ಒಂದು ಗೇಣು ಎತ್ತರದಲ್ಲಿ, ದೇವರು ಅಭಯಹಸ್ತ ತೋರಿಸಿದಂತೆ, ಕೈ ಮೆತ್ತಗೆ ಸುತ್ತುತ್ತಿತ್ತು. ಕೆಳಗೆ ರೊಟ್ಟಿ ತನ್ನಷ್ಟಕ್ಕೆ ತಾನೇ ಅಗಲವಾಗುತ್ತಿತ್ತು. ಸಪ್ಪಳ ಮಾತ್ರ ಪಟಪಟ ಬರುತ್ತಲೇ ಇತ್ತು.

ಬೆಳಗಾವಿ ವೈನಿ ಗಂಟಲು ಸರಿಪಡಿಸಿಕೊಂಡರು.

"ಭಾಳ ಛಂದ ಅದ. ಕೈ ಮುಟ್ಟದ ರೊಟ್ಟಿ ಆಗ್ತಾವ ಅಂದ್ರ ಇವರ ಮನ್ಯಾಗ ಏನೋ ಸಿದ್ಧಿ ಅದ. ಸಪ್ಪಳ ಎಲ್ಲಿಂದ ತಂದು ಹಾಕಿದ್ರಿ?"

"ತಂದು ಹಾಕಿಲ್ರಿ. ನಾನ ಬಡದೇನಿ," ಎಂದಳು ನನ್ನ ಹೆಂಡತಿ.

"ಬಡದಿರಬೇಕ್ರಿ. ಯಾವುದಕ್ಕ ಬಡದ್ರಿ ಅಂತ ಅಷ್ಟ ಕಾಣವಲ್ದು. ಲಟ್ಟಿಸಿದ್ರೂ ಪಾಪ ಏನಿಲ್ಲ, ಹೇಳಿಬಿಟ್ರಾತು."

ನಗು ಹಾಲಿನ ಹಿಂದಿನ ಸಾಲಿನವರೆಗೆ ಹೋಗಿ ಮರಳಿ ಬಂತು. ವೈನಿಯ ವಿಡಿಯೋ ತೋರಿಸಲು ಹೊತ್ತು ಉಳಿದಿರಲಿಲ್ಲ. ಕಾರ್ಯದರ್ಶಿ ಬಾಯಿ, ಮುಂದಿನ ಸಭೆಯಲ್ಲಿ ಇಬ್ಬರದನ್ನೂ ನೋಡಿ ತೀರ್ಮಾನಿಸೋಣ ಎಂದರು. ಅದು ದಯೆಯೋ ಕುತೂಹಲವೋ ಗೊತ್ತಾಗಲಿಲ್ಲ.

ಸ್ಕೂಟರಿನ ಮೇಲೆ ಮನೆಗೆ ಬಂದೆವು. ಅವಳು ಚಪ್ಪಲಿ ಬಿಡುವಾಗ ಕೇಳಿದಳು: "ನಾ ಬಡದಿದ್ದು ನಿಮಗರ ಗೊತ್ತೈತೋ ಇಲ್ಲೋ?"

"ಐತಿ."

"ಮತ್ತ ಅದನ್ನ ತೋರಸ್ರಿ. ಇದ್ದದ್ದು ತೋರಸಾಕ ಏನು ಕಷ್ಟ?"

ಈ ಪ್ರಶ್ನೆಯ ಆಳ ಮುಂದಿನ ಕೆಲವು ವಾರಗಳಲ್ಲಿ ನನಗೆ ತಿಳಿಯಿತು.

ನಾನು ಮೊದಲು ಸುಲಭದ ಉಪಾಯ ಹೇಳಿದೆ. ಬಾಲ್ಕನಿಯಲ್ಲಿ ಒಳ್ಳೆಯ ಬಿಸಿಲಿನಲ್ಲಿ ಮತ್ತೊಮ್ಮೆ ತೆಗೆಯೋಣ. ಬೆಳಕಿದ್ದರೆ ಫೋನು ಚಿತ್ರ ನುಂಗುವುದಿಲ್ಲ. ಸಾದಾ ಸೀರೆ ಉಡು. ಒಂದೇ ತರಹದ ಗೆರೆ, ಚೌಕಳಿ ಕಂಡರೆ ಈ ಪ್ರೋಗ್ರಾಮಿಗೆ ಯಾವ ಗೆರೆ ಎಲ್ಲಿಗೆ ಹೋಯಿತೆಂದು ದಿಕ್ಕು ತಪ್ಪುತ್ತದೆ. ಬಳೆಯದೂ ಅದೇ ತೊಂದರೆ. ಹಾಗಾಗಿ...

"ಹಂಗಾಗಿ?"

"ಒಂದೀಟ ಹೊತ್ತು ಬಳಿ ತಗದಿಟ್ರ..."

ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ನೀವು ಗಟ್ಟಿಮುಟ್ಟಾಗಿ ಎದುರಿಗೆ ಕುಂತೀರಿ. ಬಳಿ ತಗೀ ಅಂತೀರಿ. ನಿಮ್ಮ ಕಂಪ್ಯೂಟರಿಗೆ ಅನುಕೂಲ ಆಗ್ಲಿ ಅಂತ ನೀವು ಸಾಯಾವ್ರೇನು?"

ಅಷ್ಟು ದೂರ ಹೋಗುವ ವಿಚಾರ ನನಗಿರಲಿಲ್ಲ ಎಂದೆ.

"ಮತ್ತೊಂದು ಮಾತು. ಹೊಸಾದು ತಗಿಯೂದ ಬ್ಯಾಡ. ಹೊಸಾದು ತಗೊಂಡು ಹೋದ್ರ, ಮೊದಲಿಂದು ಸುಳ್ಳು ಅಂತ ನಾವ ಒಪ್ಪಿದಂಗಾತು. ಅವತ್ತಿಂದನ ತೋರಸ್ಬೇಕು. ಅದರಾಗ ನಾ ಬಡದೇನಿ."

ತರ್ಕ ಗಟ್ಟಿಯಾಗಿತ್ತು. ಸೋಲುವುದು ನನಗೆ ಮೊದಲೇ ಅಭ್ಯಾಸವಾಗಿದ್ದರಿಂದ ತಡಮಾಡಲಿಲ್ಲ. ಹಳೆಯ ವಿಡಿಯೋವನ್ನೇ ಎದುರಿಗಿಟ್ಟುಕೊಂಡು, ಈ ಸಲ ಲಾಟಿನ ಮಾದರಿ ತೆಗೆಯದೆ, ಒಂದೊಂದೇ ಚಿತ್ರವಾಗಿ ನೋಡಿದೆ.

ಆಗ ಗುಟ್ಟು ತಿಳಿಯಿತು. ರೊಟ್ಟಿ ಬಡಿಯುವ ಕೈ ಫೋನಿಗಿಂತ ಚುರುಕು. ಕೈ ಮೇಲಿದ್ದಾಗ ಫೋನು ಒಂದು ಚಿತ್ರ ತೆಗೆದಿತ್ತು. ಅದು ಕೆಳಗಿಳಿದು ಬಡಿದು ಮತ್ತೆ ಮೇಲೆದ್ದ ಮೇಲೆ ಇನ್ನೊಂದು. ಎರಡರಲ್ಲೂ ಕೈ ಮೇಲೆಯೇ ಇದೆ, ಆದ್ದರಿಂದ ನಡುವೆಯೂ ಮೇಲೆಯೇ ಇತ್ತು ಎಂದು ಪ್ರೋಗ್ರಾಮ್ ತೀರ್ಪು ಕೊಟ್ಟಿತ್ತು. ಅಪರೂಪಕ್ಕೆ ಕೈ ರೊಟ್ಟಿಗೆ ತಾಗಿದ ಚಿತ್ರ ಸಿಕ್ಕರೆ, ಹಿಂದುಮುಂದಿನ ಕೈಗಳ ಜೊತೆ ಕಲಸಿ ಅದನ್ನು ನೆರಳು ಮಾಡಿಬಿಟ್ಟಿತ್ತು. ಸುಳ್ಳು ಹೇಳುವ ಉದ್ದೇಶ ಅದಕ್ಕಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಬಾರದು, ಅಷ್ಟೇ. ಇಂಥವರು ನಮ್ಮ ಕಾರ್ಖಾನೆಯಲ್ಲಿ ಮೇಲಿನ ಹುದ್ದೆಯಲ್ಲಿದ್ದಾರೆ.

ಕೆಲಸ ಶುರು ಮಾಡಿದೆ. ಮೊದಲು ಫೋನು ಎರಡೆರಡು ಸಲ ಇಟ್ಟ ಕಳ್ಳ ಚಿತ್ರಗಳನ್ನು ಹುಡುಕಿ ತೆಗೆಸಿದೆ. ಇಲ್ಲದಿದ್ದರೆ ಪ್ರೋಗ್ರಾಮು ನಿಂತ ಕೈ ಒಮ್ಮೆಲೇ ನೆಗೆಯಿತೆಂದು ಗಾಬರಿಯಾಗಿ ಗೀಚುತ್ತದೆ. ಜೋಡಿಸಿದ ತುಣುಕುಗಳನ್ನು ತಿರುಗಿ ಬಿಡಿಸಿ, ಒಂದೊಂದನ್ನೇ ಬೇರೆ ಬೇರೆಯಾಗಿ ನಯ ಮಾಡಿ, ಆಮೇಲೆ ಜೋಡಿಸಿದೆ. ಹಂಚಿನ ಮೂಗು ಹೋಯಿತು. ಹಿಂದಿನ ಗೋಡೆಯ ಚೌಕಳಿ ಟೈಲ್ಸು ಕೈ ಹೋದಲ್ಲೆಲ್ಲ ಅಂಟಿಕೊಂಡು ಬರುತ್ತಿತ್ತು; ಆ ಭಾಗಕ್ಕೆ ಮುಸುಕು ಹಾಕಿ, ಇದನ್ನು ಮುಟ್ಟಬೇಡ ಎಂದು ತಾಕೀತು ಮಾಡಿದೆ. ಬಳೆಗಳು ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ಒಂದು ಸಲ ಕರಗಿದವು, ಇನ್ನೊಂದು ಸಲ ಮೊಣಕೈವರೆಗೆ ಹಬ್ಬಿದವು, ಮತ್ತೊಂದು ಸಲ ಕೈಯನ್ನು ಬಿಟ್ಟು ತಾವೇ ಮುಂದೆ ಹೋದವು.

ಹೆಂಡತಿ ಆಗಾಗ ಬಂದು ಬೆನ್ನ ಹಿಂದೆ ನಿಲ್ಲುತ್ತಿದ್ದಳು.

"ಕೈ ಮುಟ್ಟಿತೇನ್ರಿ?"

"ಇನ್ನೂ ಇಲ್ಲ. ಸನೇಕ ಬಂದೈತಿ."

"ಮದವಿ ಆಗಿ ಇಷ್ಟು ವರ್ಷ ಮೂರು ಹೊತ್ತು ತಿಂದೀರಿ. ಒಂದು ರೊಟ್ಟಿ ಬಡಸಾಕ ಬರವಲ್ದು ನಿಮಗ."

ಕೊನೆಗೆ ಬಂದ ತೀರ್ಮಾನ ನನ್ನ ಪಾಂಡಿತ್ಯಕ್ಕೆ ಶೋಭೆ ತರುವಂಥದ್ದಲ್ಲ. ಬಡಿಯುವ ಭಾಗವನ್ನು ನಯ ಮಾಡುವುದನ್ನೇ ಬಿಟ್ಟೆ. ಎಸರು, ನಾದುವುದು, ಬೇಯಿಸುವುದು ಇವಕ್ಕೆ ಊಹೆಯ ಚಿತ್ರಗಳನ್ನು ಸೇರಿಸಿದೆ. ಬಡಿಯುವಲ್ಲಿ ಮಾತ್ರ ಫೋನು ಕಂಡದ್ದನ್ನು ಕಂಡ ಹಾಗೆ, ಪ್ರತಿ ಚಿತ್ರವನ್ನೂ ನಾಲ್ಕು ಸಲ ಇಟ್ಟು ಅರವತ್ತು ತುಂಬಿಸಿದೆ. ಕೈ ಮತ್ತೆ ಹಲ್ಲಿಯಂತೆ ಓಡಿತು. ಆದರೆ ಓಡುವ ನಡುವೆ, ಅಲ್ಲೊಮ್ಮೆ ಇಲ್ಲೊಮ್ಮೆ, ಅಂಗೈ ರೊಟ್ಟಿಯ ಮೇಲೆ ಚಪ್ಪಟೆಯಾಗಿ ಕೂತದ್ದು ಸ್ಪಷ್ಟವಾಗಿ ಕಂಡಿತು. ಅವಳು ಇಡೀ ವಿಡಿಯೋ ನೋಡಿ, "ಆತು, ಇದು ನನ್ನ ಕೈ," ಎಂದಳು.

ಮುಂದಿನ ಸಭೆಗೆ ನಾನು ಬೇಗ ಹೋದೆ. ಪರೀಕ್ಷೆಗೆಂದು ವಿಡಿಯೋ ಹಾಕಿದರೆ, ಕೈ ಮತ್ತೆ ಗಾಳಿಯಲ್ಲಿ ತೇಲಿತು! ರಿಮೋಟು ಒತ್ತಿ ಒತ್ತಿ ನೋಡಿದಾಗ ಗೊತ್ತಾಯಿತು, ಚಲನೆಯನ್ನು ನಯ ಮಾಡುವ ಅದೇ ವಿದ್ಯೆ ಆ ಟಿವಿಯ ಹೊಟ್ಟೆಯಲ್ಲೂ ಇತ್ತು. ಹೋದ ಸಲ ನನ್ನ ಪ್ರೋಗ್ರಾಮ್ ಊಹಿಸಿದ್ದರ ಮೇಲೆ ಟಿವಿ ಇನ್ನೊಂದು ಪದರ ಊಹಿಸಿತ್ತು. ಅದನ್ನು ಬಂದ್ ಮಾಡಿದೆ. ಕೈ ಕೆಳಗಿಳಿಯಿತು.

ಜನ ಸೇರಿದರು. ವಿಡಿಯೋ ನಡೆಯಿತು. ಹಂಚಿಗೆ ಮೂಗಿರಲಿಲ್ಲ, ಹಿಂದಿನ ಸಾಲಿನವರು ಅದಕ್ಕಾಗಿಯೇ ಬಂದಂತಿತ್ತು, ಅವರಿಗೆ ನಿರಾಸೆಯಾಯಿತು. ಬಡಿಯುವ ಭಾಗದಲ್ಲಿ ಕೈ ಕುಪ್ಪಳಿಸಿತು, ತಾಗಿತು, ಕುಪ್ಪಳಿಸಿತು. ನನ್ನ ಹೆಂಡತಿ ಬೆನ್ನು ನೆಟ್ಟಗೆ ಮಾಡಿ ಕುಳಿತಳು.

ವೈನಿ ಎದ್ದು ನಿಂತರು. "ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹ್ವಾದ ಸರ್ತಿ ಕಂಪ್ಯೂಟರ್ ಕೈ ಎತ್ತಿತ್ತು. ಈ ಸರ್ತಿ ಅದೇ ಕಂಪ್ಯೂಟರ್ ಕೈ ಇಳಿಸ್ಯದ. ನಾವು ಯಾವುದನ್ನ ನಂಬೂದು?"

ಇದು ನ್ಯಾಯವಾದ ಆಕ್ಷೇಪಣೆ. ಇಂಥ ತಲೆ ನಮ್ಮ ತಪಾಸಣೆ ವಿಭಾಗದಲ್ಲಿ ಒಂದೂ ಇಲ್ಲ. ನಾನು ಮುಂದೆ ಬಂದು, ಚಿತ್ರಗಳು, ಸಂದು, ಊಹೆ ಎಂದು ಉಪನ್ಯಾಸ ಆರಂಭಿಸಿದೆ. ಹೆಂಗಸರು ಮರ್ಯಾದೆಗೆ ಕೇಳಿದರು. ನಮ್ಮ ನಂತರ ಆ ಹಾಲನ್ನು ಬಾಡಿಗೆಗೆ ಪಡೆದವರು, ಮಗುವಿನ ಹುಟ್ಟುಹಬ್ಬದವರು, ಬಲೂನಿನ ಗೊಂಚಲು ಹಿಡಿದು ಬಾಗಿಲಲ್ಲಿ ಆಗಲೇ ನಿಂತಿದ್ದರು.

"ನೀವು ಸುಮ್ಮನಿರ್ರಿ," ಎಂದಳು ನನ್ನ ಹೆಂಡತಿ. ಆಮೇಲೆ ಸಭೆಯತ್ತ ತಿರುಗಿದಳು. "ನೋಡೂದು ಬ್ಯಾಡ್ರಿ. ಕೇಳ್ರಿ. ಸಪ್ಪಳಕ್ಕ ಇವರು ಕೈ ಹಚ್ಚಿಲ್ಲ."

ಹಚ್ಚಿರಲಿಲ್ಲ. ಆ ಪ್ರೋಗ್ರಾಮಿಗೆ ಸಪ್ಪಳದ ಗೊಡವೆಯೇ ಇಲ್ಲ. ಚಿತ್ರ ಎಷ್ಟೇ ಹಿಗ್ಗಲಿ, ಸಪ್ಪಳ ಇದ್ದ ಹಾಗೆಯೇ ಇರುತ್ತದೆ.

"ಹೊಚ್ಚರಿ ಆ ಟಿವಿಗೆ," ಎಂದರು ಅಜ್ಜಿ.

ನಮ್ಮ ಕಡೆಯ ಯಾವ ಸಂಘದಲ್ಲೂ ಸನ್ಮಾನಕ್ಕೆಂದು ತಂದ ಒಂದು ಶಾಲು ಕಪಾಟಿನಲ್ಲಿ ಸದಾ ಇರುತ್ತದೆ. ಕಾರ್ಯದರ್ಶಿ ಬಾಯಿ ಅದನ್ನೇ ತಂದು ಟಿವಿಗೆ ಹೊದಿಸಿದರು. ಇದುವರೆಗೆ ಅಲ್ಲಿ ಸನ್ಮಾನಗೊಂಡ ಎಲ್ಲರಿಗಿಂತ ಟಿವಿ ಗಂಭೀರವಾಗಿ ಕುಳಿತಿತ್ತು. ನನ್ನ ವಾರಗಟ್ಟಲೆಯ ದುಡಿಮೆ ಆ ಶಾಲಿನ ಹಿಂದೆ, ಒಂದು ನರಪಿಳ್ಳೆಯೂ ನೋಡದೆ, ಸೆಕೆಂಡಿಗೆ ಅರವತ್ತರಂತೆ ನಿರ್ದೋಷವಾಗಿ ಇನ್ನೊಮ್ಮೆ ನಡೆಯಿತು.

ಪಟಪಟ ಸಪ್ಪಳ ಶುರುವಾಯಿತು. ಹೆಂಗಸರು ಸಂಗೀತ ಕಛೇರಿಯಲ್ಲಿ ಕುಳಿತವರಂತೆ ಕಣ್ಣು ಮುಚ್ಚಿದರು. ಅಜ್ಜಿ ತೊಡೆಯ ಮೇಲೆ ಬೆರಳಿನಿಂದ ತಾಳ ಹಿಡಿದರು.

"ಇನ್ನೂ ದಪ್ಪ ಐತಿ... ಹಾಂ, ತಿರಗಾಕತ್ತು... ಈಗ ಹಿಟ್ಟು ಉದರಿಸಿದ್ಲು ನೋಡ್ರಿ, ಕೈ ನಿಂತ್ತು... ಈಗ ತೆಳು ಆತು. ಸಪ್ಪಳ ಹಗರಾತು." ತಾಳ ನಿಂತಿತು. "ಇಲ್ಲಿ ಅಂಚು ಬಿರೀತೇನವ್ವ? ಬೆರಳಿಲೆ ಮೆತ್ತಿದಿ?"

"ಹೌದ್ರಿ ಅಜ್ಜಿ," ಎಂದಳು ನನ್ನ ಹೆಂಡತಿ. ಆ ಬಿರುಕು ನನಗೆ ಒಂದೊಂದೇ ಚಿತ್ರವಾಗಿ ನೋಡಿದಾಗಲೂ ಕಂಡಿರಲಿಲ್ಲ.

"ಬಿರೀತದ. ಇಲ್ಲಿ ಹವಾನ ಹಂಗ. ಮೆತ್ತಾಕ ಬರಬೇಕು."

ಶಾಲು ತೆಗೆಯದೆಯೇ ವೈನಿಯ ವಿಡಿಯೋ ಹಾಕಿದೆ. ಹೊಸ ಫೋನಿನಲ್ಲಿ ತೆಗೆದದ್ದು, ನೋಡಲು ಬಹಳ ಚೆನ್ನಾಗಿದ್ದಿರಬೇಕು. ವೈನಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದರು. ಅಲ್ಲಿಯೂ ಪಟಪಟ ಸಪ್ಪಳವೇ ಬಂತು.

"ಇಕಿನೂ ಖರೇನ ಬಡದಾಳ," ಎಂದರು ಅಜ್ಜಿ. ವೈನಿಯ ಮುಖ ಅರಳಿತು. "ಆದ್ರ ಜಲ್ದಿ ಬಿಟ್ಲು. ದಪ್ಪ ಐತಿ."

"ನಮ್ಮ ಮನ್ಯಾಗ ದಪ್ಪನ ತಿಂತಾರ್ರಿ ಅಜ್ಜಿ."

"ತಿನ್ಲಿ. ಹುಡುಗ್ಯಾರಿಗೆ ಕಲಸಬ್ಯಾಡ."

ಬಲೂನಿನವರು ಒಳಗೆ ಬಂದರು. ನಾನು ಟಿವಿಯ ಶಾಲು ಮಡಚಿ ಕಪಾಟಿನಲ್ಲಿಟ್ಟೆ. ಮೆಟ್ಟಿಲಿಳಿಯುವಾಗ ವೈನಿ ನನ್ನ ಹೆಂಡತಿಯ ಪಕ್ಕ ಬಂದು, ಜೋಳ ಎಲ್ಲಿಂದ ತರಿಸಿದಿರಿ ಎಂದು ಕೇಳಿದರು.

ಅದರ ಮುಂದಿನ ಶನಿವಾರ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ತರಗತಿ ಆರಂಭವಾಯಿತು. ಕಲಿಸುವವಳು ನನ್ನ ಹೆಂಡತಿ.